ಅಕ್ಕನ ಮೇಷ್ಟ್ರು, ತಮ್ಮನ ಬುಗುರಿ

ಆರ್ಕಿಟೆಕ್ಟ್ ಮೇಡಂ ಅದೇ ಕಂಪ್ಯೂಟರನ್ನು ಮೂರನೇ ಸಲ ಹೊತ್ತು ತಂದಾಗ ಅಕ್ಕ, ತಮ್ಮ ಇಬ್ಬರೂ ಎದ್ದು ನಿಂತರು. ಮನೆಯ ಮುಂದಿನ ಕೋಣೆಯಲ್ಲೇ ಹದಿನೆಂಟು ವರ್ಷ ರಿಪೇರಿ ಅಂಗಡಿ ನಡೆಸಿದವರಿಗೆ ಇಂಥ ಅವಮಾನ ಇದೇ ಮೊದಲು.

"ಕಟ್ಟಬೇಕಾದ ಮನೇನ ಗಿರಾಕಿಗೆ ಸ್ಕ್ರೀನ್ ಮೇಲೆ ತಿರುಗಿಸಿ ತೋರಿಸೋಕೆ ಹೋಗ್ತೀನಿ, ಎರಡೇ ನಿಮಿಷಕ್ಕೆ ಪಟ್ ಅಂತ ಆಫ್," ಎಂದರು ಮೇಡಂ.

ಹಿಂದಿನ ಎರಡು ಸಲವೂ ಧೂಳು ಕೊಡವಿ, ಸ್ವಲ್ಪ ಹೊತ್ತು ಓಡಿಸಿ, ಸರಿಯಿದೆ ಎಂದು ಕಳಿಸಿದ್ದರು. ಈ ಸಲ ಯಂತ್ರವನ್ನು ಸುಸ್ತಾಗುವ ತನಕ ದುಡಿಸಿ ನೋಡುವ ಸಾಫ್ಟ್‌ವೇರ್ ಬೇಕಿತ್ತು. ಅಂಥವು ಬೇಕಾದಷ್ಟಿವೆ. ಯಾವುದು ಎಂಬಲ್ಲೇ ಜಗಳ ಹತ್ತಿತು.

ಅಕ್ಕನಿಗೆ ಪ್ರೊಸೆಸರಿನ ಮೇಲೆ ಅನುಮಾನ. ಅವಳು ಆರಿಸಿದ್ದು ಲೆಕ್ಕದ ಮೇಲೆ ಲೆಕ್ಕ ಕೊಟ್ಟು ಪ್ರೊಸೆಸರಿಗೆ ಉಸಿರಾಡಲು ಬಿಡದ ಸಾಫ್ಟ್‌ವೇರ್. ತಮ್ಮ ಅದಕ್ಕೆ 'ಮೇಷ್ಟ್ರು' ಎಂದು ಹೆಸರಿಟ್ಟ. ಅವನಿಗೆ ಸ್ಕ್ರೀನಿನ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ. ಅವನದು ರೋಮ ತುಂಬಿದ ಬಳೆಯೊಂದನ್ನು ಗರಗರ ತಿರುಗಿಸಿ ಕಾರ್ಡಿನ ಬೆವರಿಳಿಸುವಂಥದ್ದು. ಅಕ್ಕ ಅದನ್ನು 'ಬುಗುರಿ' ಎಂದಳು.

"ಬುಗುರಿ ನೋಡ್ತಾ ಕೂತರೆ ರಿಪೇರಿ ಆಗುತ್ತೇನೋ?"

"ನಿನ್ನ ಮೇಷ್ಟ್ರು ಏನು ಮಾಡ್ತಾರೆ ಅಂತ ಕಣ್ಣಿಗೇ ಕಾಣಲ್ಲ. ನಂಬೋದು ಹೇಗೆ?"

"ಸದ್ದಿಲ್ದೆ ಕೆಲಸ ಮಾಡೋರಿಗೆ ಈ ಮನೇಲಿ ಯಾವತ್ತು ಬೆಲೆ ಇತ್ತು?"

ಅವಳು ಏರಿಗೆಳೆದರೆ ಇವನು ನೀರಿಗೆ. ಕೊನೆಗೆ ಮೇಷ್ಟ್ರಿಗೆ ಒಂದು ಗಂಟೆ, ಆಮೇಲೆ ಬುಗುರಿಗೆ ಒಂದು ಗಂಟೆ ಎಂದು ಒಪ್ಪಂದವಾಯಿತು. ಯಂತ್ರ ಎರಡರಲ್ಲೂ ಪಾಸಾಯಿತು. ಇಬ್ಬರೂ ಮುಖ ಊದಿಸಿಕೊಂಡು ಊಟಕ್ಕೆ ಕೂತರು.

"ಏನು, ಮನೆ ಇವತ್ತು ಇಷ್ಟು ತಣ್ಣಗಿದೆ?" ಎಂದು ಅಮ್ಮ ಬಡಿಸುತ್ತ ಕೇಳಿದರು.

ಅಕ್ಕ ಬೇಗ ಎದ್ದಳು. ಒಂದು ಗಂಟೆ ಸಾಲಲಿಲ್ಲವೇನೋ ಎಂದು ಮೇಷ್ಟ್ರನ್ನು ಮತ್ತೆ ಓಡಿಸಿ, ಸ್ಕ್ರೀನಿನಲ್ಲಿ ಕಾಣದಂತೆ ಮರೆಮಾಡಿ, ಏನೂ ಅರಿಯದವಳಂತೆ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಅಷ್ಟರಲ್ಲಿ ತಮ್ಮ ಅಂಗಡಿಗೆ ಬಂದ. ಅವನ ತಲೆಯಲ್ಲೂ ಅದೇ ಹುಳ. ಅಕ್ಕ ಬರುವುದರೊಳಗೆ ಎಂದು ಬುಗುರಿ ಬಿಟ್ಟ. ಅದು ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಸ್ಕ್ರೀನು ಕಪ್ಪಾಗಿ, ಫ್ಯಾನುಗಳು ನಿಂತವು.

"ಅಕ್ಕಾ, ಬಾ ಇಲ್ಲಿ. ಕಾರ್ಡೇ ಕೆಟ್ಟಿರೋದು. ನಾನು ಹೇಳಿರಲಿಲ್ವಾ?"

ಅಕ್ಕ ಒದ್ದೆ ಕೈಯಲ್ಲೇ ಬಂದು ನಿಂತಳು. ಸುಮ್ಮನಿದ್ದರೆ ಸೋಲು, ಹೇಳಿದರೆ ಕಳ್ಳತನ ಬಯಲು. ಸೆರಗಿಗೆ ಕೈ ಒರೆಸಿಕೊಂಡಳು.

"ಮೇಷ್ಟ್ರೂ ಓಡ್ತಾ ಇದ್ರು ಕಣೋ."

ಬೈಯಲು ಬಾಯಿ ತೆರೆದ ತಮ್ಮ ನಿಂತ ಫ್ಯಾನುಗಳ ಕಡೆ ತಿರುಗಿದ. "ಅಂದ್ರೆ, ಎರಡೂ ಒಟ್ಟಿಗೆ..."

"ಒಬ್ಬೊಬ್ಬರೇ ದುಡಿದರೆ ಕರೆಂಟ್ ಸಾಕು. ಇಬ್ಬರೂ ಒಟ್ಟಿಗೆ ದುಡಿದರೆ ಸಾಲಲ್ಲ. ಮೇಡಂ ಮನೆ ತೋರಿಸೋವಾಗ ಪ್ರೊಸೆಸರ್, ಕಾರ್ಡ್ ಎರಡಕ್ಕೂ ಕೆಲಸ ಇರುತ್ತಲ್ಲ. ಕೆಟ್ಟಿರೋದು ಪವರ್ ಸಪ್ಲೈ."

ಹೊಸ ಪವರ್ ಸಪ್ಲೈ ಹಾಕಿ ಸಂಜೆಯವರೆಗೆ ಎರಡನ್ನೂ ಒಟ್ಟಿಗೆ ಓಡಿಸಿದರು. ಯಂತ್ರ ಮಿಸುಕಲಿಲ್ಲ. ಮರುದಿನ ಮೇಡಂ, ಯಾವ ಸಾಫ್ಟ್‌ವೇರ್‌ನಿಂದ ಗೊತ್ತಾಯ್ತು ಎಂದು ಕೇಳಿದಾಗ, "ನನ್ನದು," ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿದರು.

ವಾರದ ಮೇಲೆ ಮೇಡಂ ಅವರೇ ಫೋನ್ ಮಾಡಿದರು. ಕಂಪ್ಯೂಟರ್ ಹೇಗಿದೆ ಎಂದು ಅಕ್ಕ ಹೆದರುತ್ತಲೇ ಕೇಳಿದಳು.

"ಒಂದು ಸಲಾನೂ ಆಫ್ ಆಗಿಲ್ಲ," ಎಂದು ಮೇಡಂ ನಿಟ್ಟುಸಿರು ಬಿಟ್ಟರು. "ಗಿರಾಕಿ ಮನೆ ಪೂರ್ತಿ ನೋಡಿ, ಮೆಟ್ಟಿಲು ಒಂಚೂರೂ ಚೆನ್ನಾಗಿಲ್ಲ, ಮೊದಲಿಂದ ಮಾಡಿ ಅಂದಿದಾರೆ."