ಎರವಲು ಮೂಗು

ಒಂದು ತೆಂಗಿನಕಾಯಿಗೆ ಇಪ್ಪತ್ತೆರಡು ಅಂಗಿ. ನಾಲ್ಕು ಕಡ್ಡಿ ಕರಿಬೇವಿಗೆ ಒಂಬತ್ತು. ಒಂದು ಕಿಲೋ ತೊಗರಿಬೇಳೆಗೆ ಹದಿನೆಂಟು ಅಂಗಿ, ಅದೂ ಹಳೇ ಬೇಳೆ, ಬೇಯಿಸುವುದಕ್ಕೆ ಗ್ಯಾಸು ಬೇರೆ ದಂಡ. ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕ ಇಂಗಿನ ಡಬ್ಬಿಗೆ ಮೂವತ್ತು.

ಅತ್ತಿಗೆ ಪರದೇಶಕ್ಕೆ ಬಂದ ಮೇಲೆ ಬೆಲೆಯನ್ನು ಅಂಗಿಗಳಲ್ಲೇ ಎಣಿಸುತ್ತಿದ್ದಳು. ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಅವಳದು ಇಸ್ತ್ರಿ ಕೆಲಸ. ಅಂಗಿಗೆ ಇಷ್ಟು ಎಂದು ಕೂಲಿ. ಸಂಜೆ ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವಾಗ ಅವಳ ಬಲಗೈ ಮಣಿಕಟ್ಟು ತಾನಾಗಿಯೇ ನೋಯುತ್ತಿತ್ತು. ಆದರೂ ಕೊಳ್ಳುತ್ತಿದ್ದಳು. ಗಂಡನಿಗೆ ಒಗ್ಗರಣೆ ಬೇಕು, ಕಾಯಿ ಬೇಕು. ತಿಂದವನು ತಲೆದೂಗಿ, "ಘಮ್ ಅಂತಿದೆ ಕಣೇ" ಅನ್ನುತ್ತಿದ್ದ. ಆ ಒಂದು ಮಾತಿಗೆ ಎಷ್ಟು ಅಂಗಿ ಬೇಕಾದರೂ ಆದೀತು ಎಂದುಕೊಳ್ಳುತ್ತಿದ್ದಳು.

ಅವಳನ್ನು ಅತ್ತಿಗೆ ಎಂದು ಕರೆಯುತ್ತಿದ್ದವನು ಉದ್ದಣ್ಣ. ಗಂಡನನ್ನು ಬಿಟ್ಟರೆ ಆ ಊರಿನಲ್ಲಿ ಅವಳ ಹತ್ತಿರ ಕನ್ನಡ ಆಡುವವನು ಅವನೊಬ್ಬನೇ ಇದ್ದದ್ದರಿಂದ ಅದೇ ಅವಳ ಹೆಸರಾಗಿ ನಿಂತುಬಿಟ್ಟಿತ್ತು. ಅವನ ಹೆಸರು ಬಂದದ್ದು ಅವನ ಎತ್ತರದಿಂದ. ಅವರ ಮನೆಯ ಅಡುಗೆಕೋಣೆಯ ಬಾಗಿಲಿಗೆ ಪ್ರತಿ ಭಾನುವಾರ ಹಣೆ ಬಡಿಸಿಕೊಂಡು, "ಬಂದೆ ಅಂತ ಬಾಗಿಲು ತಟ್ಟಿದೆ ಅತ್ತಿಗೆ" ಅನ್ನುತ್ತಿದ್ದ. ನಲವತ್ತೆರಡು ವಯಸ್ಸು. ಹೆಂಡತಿ ಊರಿನಲ್ಲಿ. ಅಡುಗೆ ಎಂದರೆ ಅವನಿಗೆ ಮೊಟ್ಟೆ ಬೇಯಿಸುವುದು, ಅದನ್ನೂ ಒಡೆದುಕೊಳ್ಳುವುದು.

ಗಂಡ ಮತ್ತು ಉದ್ದಣ್ಣ ಇಬ್ಬರೂ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರದ ಕೋಣೆ ನೋಡಿಕೊಳ್ಳುವವರು. ಮೀನನ್ನು ಕಲ್ಲಿನಂತೆ ಹೆಪ್ಪುಗಟ್ಟಿಸುವ ಆ ಯಂತ್ರಗಳೊಳಗೆ ಓಡುವುದು ಅಮೋನಿಯಾ. ಅದು ಒಂದು ಚೂರು ಸೋರಿದರೂ ಮೂಗಿಗೆ ಬಡಿಯುತ್ತದೆ. ಆಗಲೇ ಹುಡುಕಿ ತಿರುಪು ಬಿಗಿ ಮಾಡಬೇಕು. ತಡವಾದರೆ ಕಣ್ಣು, ಗಂಟಲು, ಶ್ವಾಸಕೋಶ ಎಲ್ಲಕ್ಕೂ ಆಪತ್ತು. ವಾಸನೆ ಹಿಡಿದು ಕೂಗುವ ಪೆಟ್ಟಿಗೆಯೊಂದು ಗೋಡೆಯ ಮೇಲಿತ್ತು. ಅದು ಕೆಟ್ಟು ಆರು ತಿಂಗಳಾಗಿತ್ತು. ಕೇಳಿದಾಗಲೆಲ್ಲ ಸೂಪರ್‌ವೈಸರ್, "ಬಿಡಿಭಾಗ ಬರಬೇಕು. ಅಲ್ಲಿವರೆಗೆ ನಿಮ್ಮ ಮೂಗೇ ಪೆಟ್ಟಿಗೆ" ಎಂದು ನಗುತ್ತಿದ್ದ.

ಒಂದು ಶನಿವಾರ ಅತ್ತಿಗೆ ಕೆಲಸ ಮುಗಿಸಿ ಬರುವುದು ತಡವಾಯಿತು. ಗಂಡ ಆಗಲೇ ಊಟ ಮಾಡಿ ಕೂತಿದ್ದ. ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದವಳೇ ಮುಖ ಹಿಂದಕ್ಕೆ ತೆಗೆದುಕೊಂಡಳು. ಗುರುವಾರದ ಹುಳಿ. ಫ್ರಿಜ್ಜಿನಲ್ಲಿಡಲು ಮರೆತು ಹೀಟರಿನ ಪಕ್ಕ ಎರಡು ದಿನ ಕೂತು, ನೊರೆ ಎದ್ದು ನಾರುತ್ತಿತ್ತು. ಪಾತ್ರೆ ಅರ್ಧ ಖಾಲಿ.

"ಇದನ್ನ ತಿಂದ್ರಾ?"

"ಹೂಂ. ಚೆನ್ನಾಗಿತ್ತು. ಹುಳಿ ಸ್ವಲ್ಪ ಮುಂದಾಗಿತ್ತು ಅಷ್ಟೇ."

ಅವಳು ಹುಳಿಯನ್ನು ಚೆಲ್ಲಿ, ಪಾತ್ರೆ ತೊಳೆದು, ಇಂಗಿನ ಡಬ್ಬಿ ತೆಗೆದುಕೊಂಡು ಬಂದಳು. ಅವನು ಫೋನು ನೋಡುತ್ತಿದ್ದ. ಹಿಂದಿನಿಂದ ಬಗ್ಗಿ, ಮುಚ್ಚಳ ತೆಗೆದ ಡಬ್ಬಿಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ಮೂರು ಕೋಣೆಯಾಚೆ ಮಲಗಿದ್ದವರನ್ನೂ ಎಬ್ಬಿಸುವ ಇಂಗು. ಅವನು ಫೋನಿನ ಪರದೆ ಒರೆಸಿಕೊಂಡು, "ಬೆಳಕಿಗೆ ಅಡ್ಡ ಬರ್ಬೇಡ" ಅಂದ.

ಅವಳು ಡಬ್ಬಿ ಹಿಡಿದುಕೊಂಡೇ ಅವನ ಎದುರಿಗೆ ಬಂದು ಕೂತಳು.

"ಯಾವಾಗಿಂದ?"

ಅವನು ಡಬ್ಬಿ ನೋಡಿದ, ಅವಳ ಮುಖ ನೋಡಿದ. ಸುಳ್ಳು ಹೇಳಿ ಪ್ರಯೋಜನವಿಲ್ಲ ಎಂದು ಗೊತ್ತಾಯಿತು. "ಹೋದ ಚಳಿಗಾಲದಲ್ಲಿ ಜ್ವರ ಬಂತಲ್ಲ, ಅವತ್ತಿಂದ. ಉಪ್ಪು, ಹುಳಿ, ಖಾರ ನಾಲಿಗೆಗೆ ಗೊತ್ತಾಗುತ್ತೆ. ವಾಸನೆ ಒಂದೂ ಇಲ್ಲ."

"ಮತ್ತೆ ದಿನಾ ಘಮ್ ಅಂತಿದೆ ಅಂತೀರಲ್ಲ?"

"ಸಾಸಿವೆ ಚಟಪಟ ಅನ್ನೋದು ಕೇಳ್ಸುತ್ತೆ. ಆಗ ಹೇಳ್ತೀನಿ."

ಎಂಟು ತಿಂಗಳ ಹೊಗಳಿಕೆ ಒಂದು ಉಸಿರಿಗೆ ಹಾರಿಹೋಯಿತು. ಅದಕ್ಕೆ ಅಳಬೇಕೆನ್ನಿಸಿತು ಅವಳಿಗೆ. ಅಷ್ಟರಲ್ಲಿ ಅದಕ್ಕಿಂತ ದೊಡ್ಡದೊಂದು ನೆನಪಾಗಿ ಅಳು ಅಲ್ಲೇ ನಿಂತಿತು.

"ಕೆಲಸದಲ್ಲಿ ಏನ್ಮಾಡ್ತೀರಿ?"

"ಉದ್ದಣ್ಣನ ಮುಖ ನೋಡ್ತಿರ್ತೀನಿ. ಅವನು ಮೂಗು ಸಿಂಡರಿಸಿದ್ರೆ ನಾನೂ ಸಿಂಡರಿಸ್ತೀನಿ."

"ಅವರಿಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ. ಗೊತ್ತಾದ್ರೆ ಅವತ್ತೇ ಮನೆಗೆ. ಈ ವಯಸ್ಸಲ್ಲಿ ನನಗೆ ಬೇರೆ ಕೆಲಸ ಯಾರು ಕೊಡ್ತಾರೆ? ಕೆಲಸ ಇಲ್ದಿದ್ರೆ ಈ ದೇಶದಲ್ಲಿ ಇರೋಕೂ ಬಿಡಲ್ಲ. ಮಗಳ ಓದು ಇನ್ನೂ ಎರಡು ವರ್ಷ ಇದೆ, ಮರೀಬೇಡ."

ಮಗಳು ಊರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಳು. ಅತ್ತಿಗೆ ಅದನ್ನು ಮರೆತ ದಿನವೇ ಇರಲಿಲ್ಲ. ಆದರೂ ಉದ್ದಣ್ಣನಿಗೆ ತಿಳಿಸದೆ ಅವನ ಮುಖವನ್ನು ಕನ್ನಡಿ ಮಾಡಿಕೊಳ್ಳುವುದು ಸರಿಕಾಣಲಿಲ್ಲ. ಮಾರನೆಯ ದಿನ ಭಾನುವಾರ, ಅವನು ಹಣೆ ಉಜ್ಜಿಕೊಳ್ಳುತ್ತ ಬಂದು ಎಲೆಕೋಸಿನ ಪಲ್ಯಕ್ಕೆ ಕೈಹಾಕಿದಾಗ ಅವಳೇ ಎಲ್ಲವನ್ನೂ ಹೇಳಿದಳು. ಗಂಡ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ.

ಉದ್ದಣ್ಣ ತುತ್ತು ನುಂಗಿ, "ಅದಕ್ಕೇನಾ ಅಣ್ಣ ನೀನು ನನ್ನ ಮುಖಾನೇ ನೋಡ್ತಿದ್ದಿದ್ದು! ನಾನು ಏನೋ ಚೆಂದ ಇದೀನಿ ಅಂದ್ಕೊಂಡಿದ್ದೆ" ಅಂದ.

"ತಮಾಷೆ ಬೇಡ. ಬೇರೆಯವರಿಗೆ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ" ಅಂದಳು ಅತ್ತಿಗೆ.

"ನಾನ್ಯಾಕೆ ಹೇಳ್ಲಿ? ನನ್ನ ಮೂಗು ಎರವಲು ಕೇಳ್ತಿದೀರಿ, ಕೊಡ್ತೀನಿ. ಬಾಡಿಗೆ ಮಾತ್ರ ಆಗ್ಬೇಕು. ದಿನಾ ಒಂದು ಡಬ್ಬಿ. ಸಾರು, ಪಲ್ಯ, ಮೊಸರನ್ನ. ಮೊಸರನ್ನಕ್ಕೆ ಒಗ್ಗರಣೆ ಇಲ್ಲದೇ ಇದ್ರೆ ಆವತ್ತು ಮೂಗಿಗೆ ರಜೆ."

ಮೂವರೂ ನಕ್ಕರು. ಭಾರ ಇಳಿದ ಹಾಗಾಯಿತು. ಸೋಮವಾರದಿಂದ ಅತ್ತಿಗೆ ಬೆಳಿಗ್ಗೆ ಐದಕ್ಕೆ ಎದ್ದು ಎರಡು ಡಬ್ಬಿ ಕಟ್ಟತೊಡಗಿದಳು. ಅವನ ಡಬ್ಬಿಗೆ ಒಂದು ಸೌಟು ಹೆಚ್ಚೇ ಬೀಳುತ್ತಿತ್ತು. ಡಬ್ಬಿ ತೊಳೆದು ಬರುತ್ತಿತ್ತು, ಜೊತೆಗೆ ಗಂಡನ ಬಾಯಲ್ಲಿ ಒಂದು ವರದಿ: "ಬೇಳೆಗೆ ಇಂಗು ಕಮ್ಮಿ ಅಂತೆ." "ಇವತ್ತು ಮೆಂತ್ಯ ಸೀದಿತ್ತಂತೆ." ತನ್ನ ಅಡುಗೆಯನ್ನು ನಿಜವಾಗಿ ಮೂಸಿ ಹೇಳುವವನೊಬ್ಬ ಇದ್ದಾನೆಂದು ಅವಳಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಸೋರಿಕೆ ಎರಡು ಸಲ ಆಯಿತು. ಎರಡು ಸಲವೂ ಉದ್ದಣ್ಣ ಹಿಡಿದ, ಗಂಡ ಬಿಗಿ ಮಾಡಿದ. ಐದು ತಿಂಗಳು ಹೀಗೇ ಕಳೆಯಿತು.

ಆಮೇಲೆ ಒಂದು ಬುಧವಾರ ಬೆಳಿಗ್ಗೆ, ಡಬ್ಬಿಗೆ ಅನ್ನ ಹಾಕುವ ಹೊತ್ತಿಗೆ, ಉದ್ದಣ್ಣನ ಫೋನು ಬಂತು. ಧ್ವನಿ ಗಡಿಗೆಯೊಳಗಿಂದ ಬಂದ ಹಾಗಿತ್ತು.

"ಅತ್ತಿಗೆ, ನೆಗಡಿ. ತಲೆ ಎತ್ತೋಕಾಗ್ತಿಲ್ಲ. ರಜೆ ಹಾಕ್ಬಿಡ್ಲಾ ಅಂತ ಅಣ್ಣನ್ನ ಕೇಳಿ."

ಗಂಡ ಸ್ನಾನಕ್ಕೆ ಹೋಗಿದ್ದ. ಅವಳು ಒಂದು ಗಳಿಗೆ ಯೋಚಿಸಿದಳು. ಉದ್ದಣ್ಣ ರಜೆ ಹಾಕಿದರೆ ಬದಲಿಗೆ ಬೇರೆ ಯಾರೋ ಬರುತ್ತಾರೆ. ಅಪರಿಚಿತ. ದಿನವಿಡೀ ಪಕ್ಕದಲ್ಲಿ ನಿಲ್ಲುತ್ತಾನೆ. ಏನೋ ವಾಸನೆ ಬರ್ತಿದೆಯಲ್ಲ ಅಂತಾನೆ, ಗಂಡ ಬೆಪ್ಪಾಗಿ ನೋಡುತ್ತಾನೆ. ಅಲ್ಲಿಗೆ ಮುಗಿಯಿತು.

"ಒಂದಿನಕ್ಕೆ ಯಾಕೆ ರಜೆ? ನೆಗಡಿ ತಾನೇ" ಅಂದಳು. "ಬನ್ನಿ, ಮೆಣಸಿನ ಸಾರು ಮಾಡಿ ಫ್ಲಾಸ್ಕಿಗೆ ಹಾಕ್ಕೊಡ್ತೀನಿ, ಬಿಸಿಬಿಸಿ ಕುಡೀರಿ. ಮುಲಾಮೂ ಕಳಿಸ್ತೀನಿ, ಮೂಗಿಗೆ ಹಚ್ಕೊಳ್ಳಿ. ಮಧ್ಯಾಹ್ನದೊಳಗೆ ಬಿಡುತ್ತೆ."

"ನೀವು ಡಾಕ್ಟರಮ್ಮ ಹೇಳಿದ ಮೇಲೆ ಆಯ್ತು" ಎಂದು ಅವನು ಕೆಮ್ಮುತ್ತ ನಕ್ಕ.

ಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿ ಸಾರು ಮಾಡಿದಳು. ಊರಿನಿಂದ ತಂದ ನೀಲಗಿರಿ ಮುಲಾಮಿನ ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ ಡಬ್ಬಿಯ ಚೀಲದಲ್ಲಿಟ್ಟಳು. ಅವತ್ತು ಆ ಯಂತ್ರದ ಕೋಣೆಯಲ್ಲಿ ಒಂದು ಮೂಗೂ ಇಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಇದನ್ನು ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ ಸಮಾಧಾನವಾಗಲಿಲ್ಲ. ಹೊಳೆಯಬೇಕಿತ್ತು.

ನಡೆದದ್ದು ಹನ್ನೊಂದು ಗಂಟೆಗೆ. ಎರಡನೇ ಯಂತ್ರದ ಪಂಪಿನ ಹತ್ತಿರ ಬೆಳಗಿನಿಂದಲೇ ಸಣ್ಣಗೆ ಸೋರುತ್ತಿತ್ತು. ಗಂಡನಿಗೆ ಗೊತ್ತಾಗುವ ಹಾಗಿರಲಿಲ್ಲ. ಉದ್ದಣ್ಣನ ಮೂಗು ಕಟ್ಟಿತ್ತು. ತುಟಿಯ ಮೇಲೆ ಮುಲಾಮು ಮೆತ್ತಿಕೊಂಡಿದ್ದ. ಕಣ್ಣು ಉರಿಯತೊಡಗಿದಾಗ ಅದು ಮುಲಾಮಿನ ಉರಿ ಎಂದೇ ತಿಳಿದ. ಗಂಟೆಗೊಮ್ಮೆ ಪಂಪಿನ ಒತ್ತಡದ ಅಳತೆ ಬರೆದುಕೊಳ್ಳುವ ಪದ್ಧತಿ. ಬರೆದುಕೊಳ್ಳಲು ಆ ಎತ್ತರದ ದೇಹವನ್ನು ಬಾಗಿಸಿ ಪಂಪಿನ ಬಳಿ ಮುಖ ಇಟ್ಟ. ಸೋರಿ ಸೋರಿ ಸಡಿಲಾಗಿದ್ದ ಜೋಡಣೆ ಆಗಲೇ ಕಿತ್ತುಕೊಂಡಿತು. ಅಮೋನಿಯಾ ನೇರವಾಗಿ ಮುಖಕ್ಕೆ ಹೊಡೆಯಿತು.

ಗಂಡ ಓಡಿಹೋಗಿ, ಉಸಿರು ಬಿಗಿಹಿಡಿದು ಅವನನ್ನು ಎಳೆದು ನಲ್ಲಿಯ ಕೆಳಗೆ ಹಿಡಿದ. ಗಂಡನ ಎರಡೂ ಕೈ ಬೊಬ್ಬೆ ಎದ್ದವು. ಹೆದರಿ ನಿಲ್ಲಲಿಲ್ಲ, ಅಷ್ಟು ನಿಜ.

ಮೂರನೇ ದಿನ ಅತ್ತಿಗೆ ಆಸ್ಪತ್ರೆಗೆ ಹೋದಾಗ ಉದ್ದಣ್ಣ ಮಂಚದ ತುದಿಯಾಚೆ ಕಾಲು ಚಾಚಿ ಮಲಗಿದ್ದ. ಹಣೆಯಿಂದ ಕೆನ್ನೆಯವರೆಗೆ ಬ್ಯಾಂಡೇಜು. ಅವಳು ಸದ್ದು ಮಾಡದೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.

"ಅತ್ತಿಗೆ ಬಂದ್ರು" ಅಂದ ಅವನು. ಗಂಟಲು ಸುಟ್ಟು ಧ್ವನಿ ಸೀಳಿತ್ತು. "ಈಗ ಮೂಗು ಬಿಟ್ಟಿದೆ ನೋಡಿ. ಬೆಳ್ಳುಳ್ಳಿ ಜಾಸ್ತಿ ಹಾಕಿದೀರಿ."

ಅವಳು ಮೂಗೆಳೆಯುತ್ತ ಲೋಟಕ್ಕೆ ಸಾರು ಬಗ್ಗಿಸಿದಳು.

"ಅಳ್ಬೇಡಿ. ಆಫೀಸಿನವರು ಬಂದಿದ್ರು. ನೆಗಡಿ ಇಟ್ಕೊಂಡು ಬಂದಿದ್ದೆ, ನನ್ನದೇ ತಪ್ಪು ಅಂದೆ. ಅಣ್ಣನ ಮೂಗಿನ ಸುದ್ದಿ ಎತ್ತಲಿಲ್ಲ. ಮಗಳು ಓದಲಿ." ಆಮೇಲೆ ದಿಂಬಿನ ಕೆಳಗೆ ತಡಕಾಡಿ ಒಂದು ಕಾಗದ ತೆಗೆದ. "ನಿನ್ನೆ ಇದನ್ನ ಕೊಟ್ಟು ಹೋದ್ರು. ಓದಿ ಹೇಳಿ."

ಅವಳು ಕಾಗದವನ್ನು ಫೋನಿಗೆ ಹಿಡಿದು, ಅದು ಕನ್ನಡಕ್ಕೆ ತಿರುಗಿಸಿದ್ದನ್ನು ಓದಿ ಹೇಳುತ್ತ ಹೋದಳು. ನಡೆದದ್ದಕ್ಕೆ ವಿಷಾದವಿದೆ. ಯಂತ್ರಗಳೆಲ್ಲ ಸುಸ್ಥಿತಿಯಲ್ಲಿದ್ದವು. ನೌಕರನು ಕಾಯಿಲೆ ಮುಚ್ಚಿಟ್ಟು ಕೆಲಸಕ್ಕೆ ಬಂದದ್ದರಿಂದ... ಅಲ್ಲಿಗೆ ನಿಲ್ಲಿಸಿದಳು. ಮುಂದಿನ ಸಾಲಿನಲ್ಲಿ ಪರಿಹಾರ ಕೊಡಲಾಗುವುದಿಲ್ಲ, ತಿಂಗಳೊಳಗೆ ಊರಿಗೆ ಕಳಿಸಲಾಗುವುದು ಎಂದಿತ್ತು.

"ಮುಂದೆ?"

"ಮುಂದೆ ಸಹಿ ಇದೆ ಅಷ್ಟೇ" ಅಂದಳು.

ಮನೆಗೆ ಬಂದವಳೇ ಗಂಡನೆದುರು ಕಾಗದ ಇಟ್ಟಳು. ಅವನ ಕೈಗೆ ಬಟ್ಟೆ ಸುತ್ತಿತ್ತು. ಊಟವನ್ನು ಅವಳೇ ತಿನ್ನಿಸಬೇಕಾಗಿತ್ತು. ತುತ್ತು ಮಾಡುತ್ತ ಕೇಳಿದಳು, "ಗೋಡೆ ಮೇಲಿನ ಪೆಟ್ಟಿಗೆ?"

"ಮಾರನೇ ಬೆಳಿಗ್ಗೇನೇ ಹೊಸದು ಹಾಕಿದಾರೆ. ಮುಂಚೆಯಿಂದಲೂ ಇತ್ತು ಅಂತ ಬರ್ಕೊಂಡಿದಾರೆ."

"ನೀವು ಸುಮ್ನಿದ್ರಾ?"

"ಇನ್ನೇನು ಮಾಡ್ಲಿ? ಅದು ಕೆಟ್ಟಿತ್ತು ಅಂದ್ರೆ, ನಿನ್ನ ಮೂಗು ಏನ್ಮಾಡ್ತಿತ್ತು ಅಂತ ಮುಂದಿನ ಪ್ರಶ್ನೆ ಬರುತ್ತೆ."

"ಬರಲಿ."

"ಬರಲಿ ಅಂತೆ! ನಾಡಿದ್ದೇ ಗಂಟುಮೂಟೆ ಕಟ್ಬೇಕಾಗುತ್ತೆ. ಅವನೇ ಬಾಯಿ ಮುಚ್ಕೊಂಡಿದಾನೆ. ನಿನಗೇನು ತುರಿಕೆ?"

"ಅವರು ಮುಚ್ಕೊಂಡಿರೋದು ನನ್ನ ಡಬ್ಬಿ ಋಣಕ್ಕೆ. ರಜೆ ಹಾಕ್ತೀನಿ ಅಂದವರನ್ನ ಕರೆದು ಕಳಿಸಿದ್ದು ನಾನು. ಅವರ ಹೆಂಡತಿಗೆ ಏನಂತ ಹೇಳ್ಲಿ? ಸಾರು ಕೊಟ್ಟಿದ್ದೆ ಅಂತ್ಲಾ?"

ಗಂಡ ಬಾಯಿ ತಿರುಗಿಸಿದ. ತುತ್ತು ಅವಳ ಕೈಯಲ್ಲೇ ಉಳಿಯಿತು. "ನೀನು ಹೇಳಿದ್ರೆ ನನ್ನ ನಿನ್ನ ಮಾತು ಅಲ್ಲಿಗೇ ಮುಗೀತು" ಅಂದ.

ಸರ್ಕಾರದ ಕಡೆಯಿಂದ ತನಿಖೆಗೆ ಬಂದಿದ್ದ ಹೆಂಗಸು ಮುಂದಿನ ಸೋಮವಾರ ಕೋಲ್ಡ್ ಸ್ಟೋರೇಜಿನ ಮುಂಭಾಗದ ಕೋಣೆಯಲ್ಲಿ ಕೂತಿದ್ದಳು. ಅತ್ತಿಗೆ ಲಾಂಡ್ರಿಯ ಏಪ್ರನ್ನಿನಲ್ಲೇ ಹೋದಳು. ಆ ದೇಶದ ಭಾಷೆ ಅವಳಿಗೆ ಅಂಗಿ, ದಿಂಬುಚೀಲ, ಬೆಲೆ ಇಷ್ಟಕ್ಕೇ ಸಾಲುತ್ತಿತ್ತು. ಆ ಅರೆಬರೆ ಮಾತಿನಲ್ಲೇ ಗೋಡೆಯ ಪೆಟ್ಟಿಗೆ ಲೆಕ್ಕ ಹಾಕಿದರೆ ಹನ್ನೊಂದು ತಿಂಗಳಿಂದ ಕೆಟ್ಟಿತ್ತು ಎಂದಳು. ಮೂಗೇ ಪೆಟ್ಟಿಗೆ ಎಂದ ಸೂಪರ್‌ವೈಸರನ ಮಾತನ್ನು ಹೇಳಿದಳು. ಗಂಡನಿಗೆ ವಾಸನೆ ಬರುವುದಿಲ್ಲವೆಂದೂ, ಅದನ್ನು ಮೂವರೂ ಮುಚ್ಚಿಟ್ಟರೆಂದೂ, ನೆಗಡಿಯಾದವನನ್ನು ಕೆಲಸಕ್ಕೆ ಕರೆದದ್ದು ತಾನೆಂದೂ ಹೇಳಿದಳು. ಆ ಹೆಂಗಸು ಎಲ್ಲವನ್ನೂ ಬರೆದುಕೊಂಡು, ಕೊನೆಗೆ ಪೆನ್ನು ಕೊಟ್ಟಳು. ಅತ್ತಿಗೆ ಕನ್ನಡದಲ್ಲಿ ಸಹಿ ಹಾಕಿದಳು.

ಕಂಪನಿ ಹಳೆಯ ಕಾಗದವನ್ನು ಹಿಂದಕ್ಕೆ ಪಡೆಯಿತು. ಉದ್ದಣ್ಣನಿಗೆ ಸಿಗಬೇಕಾದ ಪರಿಹಾರದಲ್ಲಿ ಅರ್ಧ ಸಿಕ್ಕಿತು. ಉಳಿದರ್ಧವನ್ನು ವಿಷಯ ಮುಚ್ಚಿಟ್ಟದ್ದಕ್ಕೆ ಕಡಿದರು. ಅವನ ಬಲಗಣ್ಣು ಪೂರ್ತಿ ಹೋಯಿತು, ಎಡಗಣ್ಣಿಗೆ ಬೆಳಕು ಮತ್ತು ನೆರಳು ಮಾತ್ರ ಉಳಿಯಿತು. ಗಂಡನ ಕೆಲಸ ಹೋಯಿತು, ಅದರ ಹಿಂದೆಯೇ ಕಂಪನಿ ಕೊಟ್ಟಿದ್ದ ಮನೆಯೂ ಹೋಯಿತು, ಇಬ್ಬರೂ ಊರಿಗೆ ಮರಳಬೇಕಾಯಿತು. ಮಗಳು ಓದನ್ನು ಒಂದು ವರ್ಷಕ್ಕೆ ನಿಲ್ಲಿಸಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಗಂಡ ಅತ್ತಿಗೆಯ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ, ಊಟದ ಬಗ್ಗೆ ಏನೂ ಹೇಳುವುದಿಲ್ಲ.