ಚಾಂದನಿಯ ಹಾಸಿಗೆ

ನಾನು ಹುಲ್ಲು ಎತ್ತಿ ಹರಡುವ ಒಂದು ಕವೆಗೋಲು. ವಿಜಯಪುರದ ಬಡಿಗನೊಬ್ಬ ಜಾಲಿಯ ಕೊಂಬೆ ಕಡಿದು, ಕೆತ್ತಿ ನನ್ನನ್ನು ಮಾಡಿದ. ನನಗೆ ಮೂರು ಹಲ್ಲು, ಬಾಯಿ ಮಾತ್ರ ಇಲ್ಲ. ಅದೊಂದು ಇದ್ದಿದ್ದರೆ ಒಂದು ಜೀವ ಅಷ್ಟು ನೋಯುತ್ತಿರಲಿಲ್ಲ.

ಮೊದಲ ಯಜಮಾನ ಟಾಂಗಾ ಹೊಡೆಯುವ ಲಾಡ್ಲೇಸಾಬ. ಅವನ ಹೆಣ್ಣುಕುದುರೆ ಚಾಂದನಿಯ ಹಾಸಿಗೆ ಹಸನು ಮಾಡುವುದೇ ನನ್ನ ಕೆಲಸ. ಆ ಹಾಸಿಗೆಗೆ ಅವನು ಪಟ್ಟ ಪಾಡು ಮಗಳ ಮದುವೆಗೂ ಪಟ್ಟಿರಲಿಕ್ಕಿಲ್ಲ. ಗೋಧಿ ಹುಲ್ಲು ಹಾಸಿದರೆ ಅವಳು ಹಾಸಿಗೆಯನ್ನೇ ತಿಂದು ಹೊಟ್ಟೆನೋವು ತಂದುಕೊಂಡಳು. ಗರಗಸದ ಹುಡಿ ಹಾಕಿದರೆ ಕೆಮ್ಮಿದಳು. ಕೊನೆಗೆ ಬಡಿಗರು ಹಲಗೆ ನುಣುಪು ಮಾಡುವಾಗ ಉದುರುವ ಸುರುಳಿ ಸಿಪ್ಪೆ ಒಗ್ಗಿತು. ದಿನಾ ಬೆಳಿಗ್ಗೆ ಲಾಡ್ಲೇಸಾಬನೂ ನಾನೂ ಹಸಿಯಾದದ್ದನ್ನು ಹೊರಗೆಸೆದು, ಒಣಗಿದ್ದನ್ನು ಗೋಡೆಗೆ ಒಟ್ಟಿ, ನೆಲ ಆರಿದ ಮೇಲೆ ಮತ್ತೆ ಗೇಣು ದಪ್ಪ ಹಾಸುತ್ತಿದ್ದೆವು.

ಲಾಡ್ಲೇಸಾಬ ತೀರಿಕೊಂಡ. ಅವನ ಹೆಂಡತಿ ಮಾಲನಬಿ ಕಣ್ಣೊರೆಸಿಕೊಳ್ಳುತ್ತ ಚಾಂದನಿಯನ್ನೂ ನನ್ನನ್ನೂ ಸಂಗನಬಸುವಿಗೆ ಒಪ್ಪಿಸಿದಳು. ಅವನದು ಮದುವೆ ಮೆರವಣಿಗೆಗೆ ಕುದುರೆ ಕೊಡುವ ಕಸುಬು.

ಸಂಗನಬಸು ಕೆಟ್ಟವನಲ್ಲ, ಅತಿ ಶುಚಿಯವನು. ಕಲ್ಲುಚಪ್ಪಡಿಯ ಲಾಯವನ್ನು ದಿನಕ್ಕೆರಡು ಸಲ ತೊಳೆಯುತ್ತಿದ್ದ. ಹಾಸಿಗೆ ಅವನ ಕಣ್ಣಿಗೆ ಕಸ.

"ಕುದುರಿ ನಿಂತಲ್ಲೇ ನಿದ್ದಿ ಮಾಡ್ತೈತಿ. ಅದಕ್ಯಾಕ ಹಾಸಗಿ?" ಎಂದು ನನ್ನನ್ನು ಗೋಡೆಗೆ ಒರಗಿಸಿದ.

ಬರಿಗಲ್ಲಿನ ಮೇಲೆ ಚಾಂದನಿ ಮಲಗಲಿಲ್ಲ. ತೂಕಡಿಸುತ್ತ ತೂಕಡಿಸುತ್ತ ಮುಂಗಾಲು ಮಡಚಿ ದೊಪ್ಪನೆ ಕುಸಿಯುವಳು, ಬೆಚ್ಚಿ ಏಳುವಳು. ಹದಿನೈದು ದಿನದಲ್ಲಿ ಎರಡೂ ಮಂಡಿ ಒಡೆದವು. ಸಂಗನಬಸು ಗಾಯಕ್ಕೆ ಅರಿಸಿನ ಹಚ್ಚಿದ, ಕಾರಣ ಹುಡುಕಲಿಲ್ಲ. ಕಾರಣ ಗೊತ್ತಿದ್ದ ನಾನು ಗೋಡೆಗೊರಗಿ ನಿಂತಿದ್ದೆ.

ಒಂದು ಮದುವೆಯ ದಿನ ಬೆಳಿಗ್ಗೆ ಮಾಲನಬಿ ಕುದುರೆಯನ್ನು ನೋಡಲು ಬಂದಳು. ಮಂಡಿ ನೋಡಿದವಳೇ ಕೇಳಿದಳು: "ತಮ್ಮಾ, ಇಕಿ ನೆಲಕ್ಕ ಮೈ ಚೆಲ್ಲಿ ಎಷ್ಟ ದಿನಾ ಆತು?"

"ಮಲಗಿದ್ದು ನಾ ನೋಡೇ ಇಲ್ಲ, ಅವ್ವಾ."

"ನಿಂತು ಬರೇ ತೂಕಡಸ್ತಾವಪ್ಪಾ. ಖರೇ ನಿದ್ದಿಗೆ ಮಲಗಬೇಕು, ಇಕಿಗೆ ಬಡಿಗ್ಯಾರ ಸಿಪ್ಪಿ ಹಾಸಬೇಕು. ಹಿಂಗಾದ್ರ ಇವತ್ತ ಮದುಮಗನ ಸಮೇತ ಬೀಳ್ತಾಳ."

ಸಂಗನಬಸು ತಡಮಾಡಲಿಲ್ಲ. ಓಡಿಹೋಗಿ ಬಡಿಗನಲ್ಲಿಂದ ನಾಲ್ಕು ಚೀಲ ಸಿಪ್ಪೆ ತಂದ, ನನ್ನನ್ನು ಕೈಗೆತ್ತಿಕೊಂಡು ಹರಡಿದ. ಚಾಂದನಿ ಮೂಸಿದಳು, ಒಂದು ಸುತ್ತು ತಿರುಗಿದಳು, ಕಾಲು ಮಡಚಿ ಮಲಗಿ ಕತ್ತು ಚಾಚಿದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು. ಮಾಲನಬಿ ಅತ್ತಳು.

ಅಷ್ಟರಲ್ಲಿ ಬ್ಯಾಂಡಿನವರ ಜೊತೆ ಮದುಮಗನ ಕಡೆಯವರು ಬಂದರು. "ಮುಹೂರ್ತ ಮೀರ್ತೈತಿ, ಎಬ್ಬಸೋ ಅದನ್ನ!" ಎಂದು ಗದರಿದರು.

ಸಂಗನಬಸು ಬಾಗಿಲಿಗೆ ಅಡ್ಡ ನಿಂತ. "ಕುದುರಿ ಮಲಗೇತ್ರಿ," ಎಂದ ಮೆಲ್ಲಗೆ. "ನಾ ಎಬ್ಬಸೂದಿಲ್ಲ."

ಅಂದು ಮದುಮಗ ನಡೆದೇ ಹೋದ. ಓಣಿ ದಾಟುವವರೆಗೆ ಬ್ಯಾಂಡಿನವರು ಒಂದು ಸ್ವರವನ್ನೂ ಊದಲಿಲ್ಲ.

ಈಗ ಒಂದು ಹಲ್ಲು ಮುರಿದು ಮೂಲೆ ಸೇರಿದ್ದೇನೆ. ಚಾಂದನಿ ಮುದಿಯಾಗಿ, ಒಂದು ಬೆಳಿಗ್ಗೆ ಮಲಗಿದಲ್ಲೇ ಕಣ್ಣು ಮುಚ್ಚಿದಳು. ಆ ಬೆಳಿಗ್ಗೆಯೂ ಅವಳ ಹಾಸಿಗೆ ಒಣಗಿತ್ತು.