ವಸಂತಮ್ಮನ ಹೆಗಲ ಮೇಲಿನ ಕೈ

ಮದುವೆ ಮನೆಯಲ್ಲಿ ಉಂಡು ಹೋಗುವವರಿಗೆ ಖಾಲಿ ಫ್ಲ್ಯಾಶಿನ ಸಂಗತಿ ಗೊತ್ತಿರುವುದಿಲ್ಲ. ಗೊತ್ತಾಗಲೂ ಬಾರದು. ರೋಲಿನ ಕಾಲ ಅದು. ಒಂದು ರೋಲಿಗೆ ಬೀಳುವುದು ಮೂವತ್ತಾರು ಫೋಟೋ, ಮದುವೆಗೆ ಬರುವುದು ಊರಿಗೆ ಊರೇ. ಬಂದವರೆಲ್ಲ ಮುಯ್ಯಿ ಕೊಟ್ಟು, ಹೆಣ್ಣು ಗಂಡಿನ ಪಕ್ಕ ನಿಂತು, ಕ್ಯಾಮೆರಾ ನೋಡಿ ಉಸಿರು ಬಿಗಿಹಿಡಿಯುವವರೇ. ಅಷ್ಟು ಜನಕ್ಕೂ ರೋಲು ಸುರಿದರೆ ಹೆಣ್ಣಿನ ಅಪ್ಪ ಇನ್ನೊಂದು ತೋಟ ಮಾರಬೇಕಾಗುತ್ತದೆ. ಹಾಗಂತ ಯಾರನ್ನಾದರೂ ‘ನಿಮ್ಮ ಫೋಟೋ ಬೇಡ, ಊಟಕ್ಕೆ ನಡೆಯಿರಿ’ ಎನ್ನಲಾದೀತೆ? ಅದಕ್ಕೇ ಫ್ಲ್ಯಾಶಿನ ಬೆನ್ನಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ. ಒತ್ತಿದರೆ ಬೆಳಕು ಚಿಮ್ಮುತ್ತದೆ, ರೋಲು ಅಲುಗುವುದಿಲ್ಲ. ನಿಂತವರು ಕಣ್ಣು ಪಿಳಿಪಿಳಿ ಬಿಡುತ್ತ, ಫೋಟೋ ಬಿತ್ತೆಂಬ ಸಮಾಧಾನದಲ್ಲಿ ಪಾಯಸದ ಕಡೆ ನಡೆಯುತ್ತಾರೆ.

ಹಳೇಬೀಡಿನ ದೇವಸ್ಥಾನದ ರಸ್ತೆಯಲ್ಲಿ ಬಿಂದು ಸ್ಟುಡಿಯೋ ಇಟ್ಟಿದ್ದ ಸತೀಶ ಈ ವಿದ್ಯೆಯಲ್ಲಿ ಪಳಗಿದವನು. ಯಾರಿಗೆ ರೋಲು, ಯಾರಿಗೆ ಬರೀ ಬೆಳಕು ಎಂದು ತಾನೇ ತೀರ್ಮಾನಿಸುವ ದಡ್ಡತನ ಅವನದಲ್ಲ. ಮದುವೆಗೆ ಮುಂಚೆಯೇ ಹೆಣ್ಣಿನ ಅಪ್ಪನೊಂದಿಗೆ ಒಂದು ಸನ್ನೆ ಗೊತ್ತುಮಾಡಿಕೊಳ್ಳುತ್ತಿದ್ದ. ಕೊಬ್ಬರಿ ವ್ಯಾಪಾರದ ಜಯದೇವಪ್ಪ ತನ್ನ ಮಗಳು ಮೇಘಶ್ರೀಯ ಮದುವೆಯನ್ನು ಅರಸೀಕೆರೆಯ ಛತ್ರದಲ್ಲಿ ಮಾಡಿದಾಗ ಗೊತ್ತಾದ ಸನ್ನೆ ಶಲ್ಯದ್ದು. ಬೇಕಾದವರು ವೇದಿಕೆ ಹತ್ತಿದರೆ ಜಯದೇವಪ್ಪ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಳ್ಳಬೇಕು. ಮಾಡಿಕೊಳ್ಳದಿದ್ದರೆ ಖಾಲಿ. ಆವತ್ತು ಬೀಗರು, ಮಠದವರು, ಮಂಡಿಯ ಸಾಹುಕಾರರು ಎಂದು ಶಲ್ಯಕ್ಕೆ ಬೆಳಗಿನಿಂದ ಬಿಡುವೇ ಇರಲಿಲ್ಲ. ಮಾದಿಹಳ್ಳಿಯ ಧರ್ಮಪ್ಪ, ವಸಂತಮ್ಮ ದಂಪತಿ ಹತ್ತಿದಾಗ ಮಾತ್ರ ಅದು ಮಿಸುಕಲಿಲ್ಲ. ಪಾಪ, ವರ್ಷಾ ವರ್ಷ ಅಂಗಡಿಗೆ ಕಾಯಿ ತಂದು ಹಾಕುವ ಗಿರಾಕಿಗಳು. ಆದರೇನು, ಬೀಗರಲ್ಲವಲ್ಲ! ಸತೀಶ ಶಲ್ಯ ನೋಡಿದ, ಬೆನ್ನಿನ ಗುಂಡಿ ಒತ್ತಿದ, ಮುಂದಿನವರನ್ನು ಕರೆದ. ಆ ದಂಪತಿಯ ಮುಖವನ್ನೂ ಅವನು ಸರಿಯಾಗಿ ನೋಡಿರಲಿಲ್ಲ.

ಮದುವೆ ಮುಗಿದ ಮುಂದಿನ ಸಂತೆಯ ದಿನ ವಸಂತಮ್ಮ ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಬೆಣ್ಣೆ ಉಂಡೆ.

“ಏನಪ್ಪಾ, ಮೇಘಶ್ರೀ ಮದ್ವೇಲಿ ನಮ್ದೊಂದು ಫೋಟೋ ತೆಗ್ದಿದ್ಯಲ್ಲ, ಅದ್ನ ಒಸಿ ದೊಡ್ಡದಾಗಿ ಮಾಡ್ಸಿ, ಕಟ್ಟು ಹಾಕ್ಸಿ ಕೊಡು. ಇಕಾ, ಬೆಣ್ಣೆ ಇಟ್ಕೊ. ಮನೇದು.”

ತೊಳೆದ ರೋಲಿನಲ್ಲೆಲ್ಲೂ ಈ ಮುಖ ಕಂಡ ನೆನಪು ಸತೀಶನಿಗಿರಲಿಲ್ಲ. “ಯಾವ ಫೋಟೋ ಅಮ್ಮಾ?”

“ಅದೇ, ನಮ್ಮೆಜಮಾನ್ರು ನನ್ ಹೆಗಲ ಮ್ಯಾಲೆ ಕೈ ಇಟ್ಟವ್ರಲ್ಲ, ಅದು.” ಹೇಳುವಾಗ ಅವಳ ಮುಖ ಹದಿನಾರರ ಹುಡುಗಿಯ ಹಾಗೆ ಕೆಂಪಾಯಿತು. “ಛತ್ರದ ತುಂಬಾ ಜನ ಕಣಪ್ಪ! ಅಷ್ಟು ಜನದ ಮುಂದೆ ಇಟ್ಬುಟ್ರು. ನಮ್ ಮದ್ವೇಲೇ ಫೋಟೋ ಇಲ್ಲ ನಮ್ಗೆ. ಇಷ್ಟು ವರ್ಷ ಸಂತೆಗೆ ಹೋದ್ರೂ ಅವ್ರು ಮುಂದೆ, ನಾನು ಹಿಂದೆ. ಬಸ್ಸಲ್ಲೂ ಅವ್ರು ಒಂದು ಸೀಟು, ನಾನೊಂದು ಸೀಟು. ಈಗ ಕೇಳಿದ್ರೆ, ನಾನ್ಯಾವಾಗ ಇಟ್ಟೆ, ಇಟ್ಟೇ ಇಲ್ಲ ಅಂತವ್ರೆ! ಫೋಟೋ ಬರ್ಲಿ, ಮಾಡ್ತೀನಿ ತಾಳಿ ಅಂತ ಹೇಳಿ ಬಂದಿವ್ನಿ.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಉಂಡು ಮಲಗಿ ಎದ್ದ ಮೇಲೂ ಉಳಿದಿದ್ದ ಜಗಳ. ಅದಕ್ಕೆ ಇದ್ದ ಒಂದೇ ಸಾಕ್ಷಿ ಸತೀಶನ ರೋಲಿನಲ್ಲಿ ಇರಬೇಕಿತ್ತು. ಇರಲಿಲ್ಲ. ಇಲ್ಲವೆಂದು ಹೇಳಿದರೆ ಖಾಲಿ ಫ್ಲ್ಯಾಶಿನ ಗುಟ್ಟು ಮಾದಿಹಳ್ಳಿ ಬಸ್ಸು ಹತ್ತಿ ಬೇಲೂರಿನವರೆಗೂ ಹೋಗುತ್ತದೆ. ಅಲ್ಲಿಗೆ ಜಯದೇವಪ್ಪನ ಮಾನವೂ ಹೋಯಿತು, ಬಿಂದು ಸ್ಟುಡಿಯೋ ಬಾಗಿಲೂ ಮುಚ್ಚಿತು.

“ಹಾಸನದ ಲ್ಯಾಬಿಗೆ ಹೋಗಿದೆ ಅಮ್ಮಾ. ಬಂದ ತಕ್ಷಣ ಮಾಡಿಸಿ ಕೊಡ್ತೀನಿ” ಎಂದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ಆದರೆ ಈ ದೊಣ್ಣೆ ಸಂತೆಗೊಮ್ಮೆ ಬೀಸುತ್ತಿತ್ತು, ಜೊತೆಗೆ ಬೆಣ್ಣೆಯನ್ನೂ ತರುತ್ತಿತ್ತು. ಲ್ಯಾಬಿನಲ್ಲಿ ಕರೆಂಟಿಲ್ಲ ಎಂದ. ಆಲ್ಬಂ ಬೀಗರ ಮನೆಯಲ್ಲಿದೆ ಎಂದ. ನೆಗೆಟಿವ್ ಹುಡುಕಬೇಕು ಎಂದ. ವಸಂತಮ್ಮ ಒಂದಕ್ಕೂ ಸಿಟ್ಟಾಗಲಿಲ್ಲ. “ಆಗ್ಲಿ ಬಿಡಪ್ಪ, ಇಷ್ಟು ವರ್ಷ ಕಾದೋಳಿಗೆ ಇದೇನು” ಎಂದು ಬೆಣ್ಣೆ ಇಟ್ಟು ಹೋಗುತ್ತಿದ್ದಳು. ಬೈದಿದ್ದರಾದರೂ ಚೆನ್ನಾಗಿತ್ತು. ಸತೀಶನ ಮನೆಯಲ್ಲಿ ತುಪ್ಪ ಕಾಯಿಸಿದಾಗ ಬೀದಿಯೆಲ್ಲ ಘಮಘಮ, ಅವನಿಗೆ ಮಾತ್ರ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವಿಡಿಯೋದಲ್ಲಾದರೂ ಸಿಕ್ಕೀತೆಂದು ಕ್ಯಾಸೆಟ್ಟು ತರಿಸಿ ನೋಡಿದ. ಆ ಹೊತ್ತಿಗೆ ವಿಡಿಯೋದವನು ಊಟದ ಮನೆಯಲ್ಲಿ ಪಾಯಸ ಬಡಿಸುವುದನ್ನು ಹಿಡಿಯುತ್ತಿದ್ದ. ಬಕೆಟ್ಟು, ಸೌಟು, ಎಲೆ. ಎಲೆ, ಸೌಟು, ಬಕೆಟ್ಟು.

ಜಯದೇವಪ್ಪನ ಅಂಗಡಿಗೆ ಹೋಗಿ ಕಷ್ಟ ಹೇಳಿಕೊಂಡ. ಜಯದೇವಪ್ಪ ಕೊಬ್ಬರಿ ಗಿಟುಕೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತ ಕೇಳಿಸಿಕೊಂಡ.

“ನನ್ನ ಹೆಸರು ಬರಬಾರ್ದು ಕಣಯ್ಯ. ಧರ್ಮಪ್ಪ ಬೇಸರ ಮಾಡ್ಕೊಂಡು ಬೇರೆ ಮಂಡಿಗೆ ಕಾಯಿ ಹಾಕ್ಬಿಟ್ರೆ?”

“ಅಷ್ಟು ಬೇಕಾದವರಾಗಿದ್ರೆ ಅವತ್ತೊಂದ್ಸಲ ಶಲ್ಯ ಮುಟ್ಟಬಾರ್ದಿತ್ತಾ ಸ್ವಾಮಿ?”

ಜಯದೇವಪ್ಪನ ಕೈ ತಾನಾಗಿಯೇ ಹೆಗಲಿಗೆ ಹೋಗಿ ಇಲ್ಲದ ಶಲ್ಯವನ್ನು ಹುಡುಕಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ.

ಹೀಗಿರುವಾಗ ಒಂದು ಮಧ್ಯಾಹ್ನ ಧರ್ಮಪ್ಪ ಒಬ್ಬನೇ ಬಂದ. ಆಳು ಎತ್ತರ, ಮೀಸೆ ಗಿರಿಜಾ, ಮಾತು ಬಲು ಕಡಿಮೆ. ಒಳಗೆ ಬಂದವನೇ ಬಾಗಿಲ ಪರದೆ ಎಳೆದ. ಆಯಿತು, ಹೊಡೆಯುವುದಕ್ಕೇ ಬಂದಿದ್ದಾನೆ ಎಂದು ಸತೀಶ ಕೌಂಟರಿನ ಹಿಂದಕ್ಕೆ ಸರಿದ.

“ಆ ಫೋಟೋ ಐತಲ್ಲ, ಅದ್ನ ನಮ್ಮೋಳಿಗೆ ಕೊಡ್ಬ್ಯಾಡ ಕಣಪ್ಪ. ಸುಟ್ಟಾಕ್ಬುಡು.”

ಸತೀಶನಿಗೆ ಹೋದ ಜೀವ ಬಂದ ಹಾಗಾಯಿತು. “ಸುಡೋದೇನು ಬಂತು ಧರ್ಮಪ್ನೋರೆ, ಇದ್ರೆ ತಾನೇ!” ಎಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ ಮಾತು, ಒಡೆದ ಮುತ್ತು. ಶಲ್ಯದಿಂದ ಹಿಡಿದು ಬೆನ್ನಿನ ಗುಂಡಿಯವರೆಗೆ ಎಲ್ಲ ಹೇಳಬೇಕಾಯಿತು.

ಧರ್ಮಪ್ಪ ಬಯ್ಯುತ್ತಾನೆಂದು ಸತೀಶ ಕಾದ. ಅವನು ಫೋಟೋಗೆ ಕೂರಿಸುವ ಸ್ಟೂಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡ.

“ನಿಂದೂ ಖಾಲಿ, ನಂದೂ ಖಾಲಿ ಅನ್ನು! ಅವತ್ತು ಎರಡ್ನೇ ಪಂಕ್ತಿಗೆ ಎಲೆ ಹಾಕಿದ್ರು ಅಂತ ಹಿಂದಿನ ಜನ ನೂಕಿದ್ರು ಕಣಪ್ಪ. ಮುಗ್ಗರಿಸ್ದೆ. ಬಿದ್ದೋಯ್ತೀನಿ ಅಂತ ಕೈಗೆ ಸಿಕ್ಕಿದ್ದು ಹಿಡ್ಕಂಡೆ. ಸಿಕ್ಕಿದ್ದು ಇವ್ಳ ಹೆಗಲು. ಫೋಟೋದಲ್ಲಿ ನನ್ ಮುಖ ನೋಡಿದ್ರೆ ಗೊತ್ತಾಗೋಯ್ತದೆ, ಬಾಯಿ ಇಷ್ಟಗಲ ಬಿಟ್ಟಿರ್ತೀನಿ. ಅದ್ಕೇ ಸುಟ್ಟಾಕು ಅಂದಿದ್ದು.”

“ಹಾಗಾದ್ರೆ ನೂಕಿದ್ದಕ್ಕೆ ಹಿಡ್ಕೊಂಡೆ ಅಂತ ಅವ್ರಿಗೆ ಹೇಳಿಬಿಡಬಹುದಿತ್ತಲ್ಲ?”

ಧರ್ಮಪ್ಪನ ನಗು ನಿಂತಿತು. ಟವೆಲ್ಲಿನಿಂದ ಮುಖ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

“ಇಟ್ಟಿಲ್ಲ ಅಂತ ಹೇಳ್ದೆ. ನಾಚ್ಕಂತಾವ್ರೆ ಅಂತ ನಗ್ತಾಳೆ. ಬೀದಿಗೆಲ್ಲ ಹೇಳ್ಕಂಡು ಬಂದವ್ಳೆ. ಮದ್ವೆ ಆದಾಗಿಂದ ಅವ್ಳು ಹಿಂಗೆ ನಕ್ಕಿದ್ದ ನಾ ನೋಡಿಲ್ಲ ಕಣಪ್ಪ. ನೂಕಿದ್ರು ಅಂತ ಹೆಂಗೆ ಹೇಳ್ಲಿ?”

ಮೀಸೆಯ ಹಿಂದೆ ಇಂಥ ಮನುಷ್ಯ ಇದ್ದಾನೆಂದು ಸತೀಶನಿಗೆ ಗೊತ್ತಿರಲಿಲ್ಲ. ಬಾಗಿಲವರೆಗೆ ಹೋದ ಧರ್ಮಪ್ಪ ಪರದೆ ಹಿಡಿದು ನಿಂತ.

“ಫೋಟೋ ಹಾಳಾಯ್ತಂತೆ, ಬಾ ಇನ್ನೊಂದು ತೆಗೆಸೋವ ಅಂತ ಕರ್ಕಂಡು ಬತ್ತೀನಿ. ಆದ್ರೆ ಒಂದು ಮಾತು. ಕೈ ಇಡಿ ಅಂತ ನೀನು ಹೇಳ್ಬಾರ್ದು. ಹೇಳಿಸ್ಕಂಡು ಇಟ್ರೆ ಅದೂ ಖಾಲೀನೇ.”

ಹೇಳಿದ ಹಾಗೆಯೇ ಬಂದರು. ವಸಂತಮ್ಮ ಮದುವೆಗೆ ಉಟ್ಟಿದ್ದ ಅದೇ ಹಸಿರು ಸೀರೆ, ಮುಡಿಯಲ್ಲಿ ಕನಕಾಂಬರ. ಮುಖ ಮಾತ್ರ ಬಾಡಿತ್ತು. ಬೆಣ್ಣೆ ತಂದಿರಲಿಲ್ಲ. “ಅದೇ ಬೇಕಾಗಿತ್ತು ಕಣಪ್ಪ” ಎಂದಷ್ಟೇ ಹೇಳಿ, ಕೊಳದಲ್ಲಿ ಹಂಸ ಬರೆದಿದ್ದ ಪರದೆಯ ಮುಂದೆ ಕುರ್ಚಿಯಲ್ಲಿ ಕೂತಳು. ಧರ್ಮಪ್ಪ ಪಕ್ಕದಲ್ಲಿ ನಿಂತ. ನಿಂತ ಎನ್ನುವುದೇನು, ನೆಟ್ಟ ಕಂಬ.

ಸತೀಶ ದೀಪ ಹಾಕಿದ. ಕ್ಯಾಮೆರಾ ಸರಿಮಾಡಿದ. ರೋಲು ಇದೆಯೇ ಎಂದು ಇನ್ನೊಮ್ಮೆ ನೋಡಿಕೊಂಡ. “ರೆಡೀನಾ?” ಎಂದ. ಧರ್ಮಪ್ಪನ ಕೈ ಮೆಲ್ಲಗೆ ಎದ್ದಿತು. ಸೊಂಟ ದಾಟಿತು. ಎದೆ ದಾಟಿತು. ಸತೀಶನ ಬೆರಳು ಗುಂಡಿಯ ಮೇಲೆ ತುದಿಗಾಲಲ್ಲಿ ನಿಂತಿತ್ತು. ಕೈ ಹೋಗಿ ಕಿವಿ ಕೆರೆದುಕೊಂಡು ವಾಪಸು ಬಂತು.

“ಒಂಚೂರು ಗಲ್ಲ ಮೇಲೆತ್ತಿ” ಎಂದು ಸತೀಶ ಕಾಲ ತಳ್ಳಿದ. ಈ ಸಲ ಕೈ ಕುರ್ಚಿಯ ಬೆನ್ನು ಹಿಡಿಯಿತು. ಅಲ್ಲಿಂದ ಹೆಗಲಿಗೆ ಸುಮಾರು ಒಂದು ಗೇಣು. ಗದ್ದೆಯಲ್ಲಿ ಜೋಡೆತ್ತು ಹಿಡಿದು ನಿಲ್ಲಿಸುವ ಗಂಡಸಿಗೆ ಆ ಒಂದು ಗೇಣು ದಾಟುವುದು ಆಗಲಿಲ್ಲ. ಸತೀಶನ ಬಾಯಲ್ಲಿ ‘ಕೈ ಇಡ್ರಿ ಮಾರಾಯ್ರೆ’ ಎಂಬ ಮಾತು ಕುದಿಯುತ್ತಿತ್ತು. ಕೊಟ್ಟ ಮಾತು ನೆನೆದು ತುಟಿ ಬಿಗಿದ.

ಅಷ್ಟರಲ್ಲಿ ಕರೆಂಟು ಹೋಯಿತು.

ಮೂರೂ ಕಡೆ ಕರಿ ಪರದೆ ಇಳಿಬಿಟ್ಟ ಕೋಣೆ. ಹೊರಗೆ ಹಗಲು, ಒಳಗೆ ಗವ್ವೆನ್ನುವ ಕತ್ತಲೆ. ಫ್ಲ್ಯಾಶಿಗೆ ಬ್ಯಾಟರಿ ಇತ್ತು, ಬೇಕೆಂದರೆ ತೆಗೆಯಬಹುದಿತ್ತು. ಆದರೆ ಸತೀಶ ಅಲುಗಾಡಲಿಲ್ಲ. ಕತ್ತಲಲ್ಲಿ ವಸಂತಮ್ಮನ ದನಿ ಕೇಳಿಸಿತು. ಅವನಿಗಲ್ಲ, ಗಂಡನಿಗೆ.

“ಅವತ್ತು ಜನ ನೂಕಿದ್ರು, ನೀವು ಹಿಡ್ಕಂಡ್ರಿ. ನಂಗೊತ್ತಿಲ್ವಾ?”

“ಗೊತ್ತಿದ್ದೂ ಯಾಕ್ ಹಂಗೆ ಆ ಫೋಟೋಗೆ ಅಲೆದೆ?” ಧರ್ಮಪ್ಪನ ದನಿ ಸಣ್ಣದಾಗಿತ್ತು.

“ಫೋಟೋದಲ್ಲಿ ನೂಕಿದ್ದು ಕಾಣಲ್ವಲ್ಲ. ಹೆಗಲ ಮ್ಯಾಲೆ ಕೈ ಅಷ್ಟೇ ಕಾಣೋದು.”

ಎಷ್ಟು ಮದುವೆ, ಎಷ್ಟು ಜನ. ಬೆಳಕು ತೋರಿಸಿ ಕಳಿಸಿದ ಆ ಮುಖಗಳಲ್ಲಿ ಇನ್ನೆಷ್ಟು ಜನ ಹೀಗೆ ಆಸೆ ಕಟ್ಟಿಕೊಂಡು ಮನೆಗೆ ಹೋದರೋ ಎನಿಸಿ ಸತೀಶನಿಗೆ ನಾಚಿಕೆಯಾಯಿತು.

ಕರೆಂಟು ಬಂತು.

ಧರ್ಮಪ್ಪನ ಕೈ ಹೆಂಡತಿಯ ಹೆಗಲ ಮೇಲಿತ್ತು. ಬೆಳಕಾಯಿತೆಂದು ತೆಗೆಯಲಿಲ್ಲ. ತೆಗೆಯಲಿಲ್ಲ ಮಾತ್ರವಲ್ಲ, ಮೀಸೆ ಕುಣಿಸುತ್ತ ಸತೀಶನನ್ನೇ ದುರುಗುಟ್ಟಿ ನೋಡಿ, “ಏನ್ ನೋಡ್ತಿದ್ದೀಯ? ತೆಗಿಯಪ್ಪ!” ಎಂದು ಗದರಿದ. ಸತೀಶ ತೆಗೆದ. ಒಂದಲ್ಲ, ರೋಲು ಸುತ್ತಿ ಸುತ್ತಿ ತೆಗೆದ. ಶಲ್ಯ ಯಾರದ್ದೂ ನೋಡಲಿಲ್ಲ.

ಎದ್ದು ಸೆರಗು ಸರಿಮಾಡಿಕೊಳ್ಳುತ್ತ ವಸಂತಮ್ಮ ಕೇಳಿದಳು. “ಈ ಸಲ ರೋಲು ಹಾಕಿದ್ದೆ ತಾನೆ?”

ಸತೀಶ ಧರ್ಮಪ್ಪನ ಮುಖ ನೋಡಿದ. ಧರ್ಮಪ್ಪ ಪರದೆಯ ಹಂಸವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಹೆಂಡತಿಯ ಹತ್ತಿರ ಆ ಗುಟ್ಟು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವನಿಂದ ಒಂದು ರಾತ್ರಿಯೂ ಆಗಿರಲಿಲ್ಲ.

“ಹಾಕಿದ್ದೀನಿ ಅಮ್ಮಾ. ದೇವರಾಣೆಗೂ” ಎಂದ ಸತೀಶ. “ತಪ್ಪಾಯ್ತು.”

“ಆಯ್ತು ಬಿಡು. ಊರಿಗೆಲ್ಲ ನಾನೇನ್ ಹೇಳಾಕೆ ಹೋಗಲ್ಲ. ಇನ್ಮ್ಯಾಕೆ ಮುದುಕ್ರು ಮೋಟ್ರು ಬಂದ್ರೆ ಹಂಗೆ ಮಾಡ್ಬ್ಯಾಡ.”

ಕಟ್ಟು ಹಾಕಿಸಿದ ಫೋಟೋ ಒಯ್ಯಲು ಅವಳು ಮುಂದಿನ ಸಂತೆಗೆ ಬಂದಳು, ಬೆಣ್ಣೆಯೊಂದಿಗೆ. ಕಾಗದ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಗಾಜನ್ನು ಸೆರಗಿನಿಂದ ಒರೆಸಿದಳು. ಫೋಟೋದಲ್ಲಿ ಧರ್ಮಪ್ಪ ಕ್ಯಾಮೆರಾದ ಮೇಲೆ ಜಗಳಕ್ಕೆ ನಿಂತವನ ಹಾಗಿದ್ದ. ವಸಂತಮ್ಮ ಕ್ಯಾಮೆರಾ ನೋಡಿರಲೇ ಇಲ್ಲ. ಕತ್ತು ಓರೆ ಮಾಡಿ ಹೆಗಲ ಮೇಲಿನ ಕೈಯನ್ನೇ ನೋಡುತ್ತಿದ್ದಳು.

“ಇನ್ನೊಂದರಲ್ಲಿ ನೆಟ್ಟಗೆ ನೋಡ್ತಿದ್ದೀರ, ಅದನ್ನ ಹಾಕಿಸ್ಕೊಡ್ಲಾ ಅಮ್ಮಾ?”

“ಬ್ಯಾಡ. ಇದೇ ಇರ್ಲಿ.” ಅವಳು ಫೋಟೋವನ್ನು ಕಂಕುಳಲ್ಲಿ ಅವುಚಿಕೊಂಡಳು. ಬಾಗಿಲು ದಾಟಿದವಳು ತಿರುಗಿ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು, ಗುಟ್ಟಿನಲ್ಲಿ ಕೇಳಿದಳು. “ಇದ್ರಲ್ಲಿ ಯಾರೂ ನೂಕಿಲ್ಲ, ಅಲ್ವಾ?”

“ಇಲ್ಲ ಅಮ್ಮಾ” ಎಂದ ಸತೀಶ. “ನಾನೇ ಕಣ್ಣಾರೆ ನೋಡ್ದೆ.”

ಮಾದಿಹಳ್ಳಿ ಬಸ್ಸು ಹಾರನ್ ಹೊಡೆಯುತ್ತಿತ್ತು. ವಸಂತಮ್ಮ ಬೇಗ ಬೇಗ ಹೆಜ್ಜೆ ಹಾಕಿದಳು. ಬಸ್ಸಿನೊಳಗೆ ಧರ್ಮಪ್ಪ ಅಕ್ಕಪಕ್ಕದ ಎರಡು ಸೀಟಿನ ಮೇಲೆ ಟವೆಲ್ಲು ಹಾಸಿ ಕಾಯುತ್ತಿದ್ದ.